ಮಾವನ ಮಣ್ಣುಂಡೆ

ಟ್ರಾಕ್ಟರಿನ ಹಿಂದೆ ಅಲಗು ತಿರುಗಿಸುತ್ತಾ ಬರುವ ರೋಟವೇಟರ್ ಸದ್ದು ಕೇಳಿದರೆ ಇವತ್ತಿಗೂ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಯಂತ್ರದ ಮೇಲಿನ ಸಿಟ್ಟಲ್ಲ ಇದು, ಅದನ್ನು ಕರೆಸಿದ ನನ್ನ ಮೇಲೇ ಹೇಸಿಗೆ.

ತೊಂಬತ್ತರ ದಶಕದ ಕೊನೆ. ಕಿಕ್ಕೇರಿ ಹತ್ತಿರ ನಮ್ಮದೊಂದು ಕೆಂಪು ಮಣ್ಣಿನ ಹೊಲ. ವರ್ಷವಿಡೀ ಮನೆಯ ಮುದ್ದೆಗೆ ಅಲ್ಲಿನ ರಾಗಿಯೇ ಆಗಬೇಕು. ನನ್ನ ಗಂಡ ಪೇಟೆಯಲ್ಲಿ ಕೆಲಸದಲ್ಲಿದ್ದರು, ಬೇಸಾಯ ನನ್ನದು ಮತ್ತು ಮಾವನದು. ಮಳೆ ಬಿದ್ದ ಮೇಲೆ ಮಾವ ಗೇಣುದ್ದ ಅಗೆದು, ಒಳಗಿನ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ, ಸೊಂಟದೆತ್ತರದಿಂದ ಕೆಳಗೆ ಬಿಡುತ್ತಿದ್ದರು. ಒಡೆದು ಉದುರಿದರೆ ಉಳುವುದಕ್ಕೆ ಹದ. ಆ ವರ್ಷ ಉಂಡೆ ಬಿದ್ದಲ್ಲೇ ಕೂತಿತು.

“ಇನ್ನೂ ಅದ ಬಂದಿಲ್ಲ ಕಣವ್ವ. ಮೂರು ದಿನ ತಡಿ.”

“ಅಷ್ಟೊತ್ಗೆ ಮಿಷನ್ನು ಕ್ಯಾತನಹಳ್ಳಿಗೆ ಒಂಟೋಯ್ತದೆ ಮಾವ. ನಿಮ್ಮ ಉಂಡೆ ಆಟ ಎತ್ತಿನ ಕಾಲಕ್ಕಾಯ್ತು,” ಎಂದು ನಕ್ಕೆ. ಅವರು ಕೈಯ ಮಣ್ಣು ಒರೆಸಿಕೊಂಡು ಮನೆಗೆ ಹೋದರು.

ಮೇಲೆ ಒಣಗಿದ್ದ ಮಣ್ಣನ್ನು ಯಂತ್ರ ಎರಡು ಸಲ ಅರೆಯಿತು. ಹೆಸರಿಗೊಂದು ಹೆಂಟೆ ಉಳಿಯಲಿಲ್ಲ. ತುಂಡಾದ ಎರೆಹುಳಗಳು ವಿಲವಿಲ ಒದ್ದಾಡುತ್ತಿದ್ದರೂ ನಾನು ಜರಡಿ ಹಿಡಿದ ಹಿಟ್ಟಿನಂತಿದೆ ಎಂದು ಬೀಗಿದೆ. ರಾಗಿ ಎರಚಿದ ಮೂರನೇ ದಿನ ಜೋರು ಮಳೆ, ಆಮೇಲೆ ಸುಡುಬಿಸಿಲು. ಹಿಟ್ಟು ಕೆಸರಾಗಿ, ಕೆಸರು ಒಣಗಿ ಹಕ್ಕಳೆಗಟ್ಟಿತು. ಒಂದು ಹಕ್ಕಳೆ ಎಬ್ಬಿಸಿದೆ. ಮೇಲೆ ಬರಲಾಗದ ಬಿಳಿ ಮೊಳಕೆಗಳು ಅಡಿಯಲ್ಲಿ ಮುರುಟಿ ಕೊಳೆತಿದ್ದವು. ಮಾವ ಹಾರೆ ಹಾಕಿದರೆ ಗೇಣಿನಾಚೆ ಇಳಿಯಲಿಲ್ಲ. ಒಳಗಿನ ಹಸಿ ಮಣ್ಣನ್ನು ಅಲಗುಗಳು ಗಾರೆ ನೆಲದಂತೆ ತೀಡಿಬಿಟ್ಟಿದ್ದವು. ಅದರ ಮೇಲೆ, ಹಕ್ಕಳೆಯ ಅಡಿಯಲ್ಲಿ, ಮಳೆ ನೀರು ಇಂಗದೆ ನಿಂತಿತ್ತು. ಥೂ, ಆ ನಾತ! ಮತ್ತೆ ಬಿತ್ತೋಣವೆಂದರೆ ಮಳೆ ಕೈಕೊಟ್ಟಿತು.

ಸುಗ್ಗಿಯಲ್ಲಿ ನಮ್ಮ ಕಣ ಬರಿದಾಗಿತ್ತು. ಹಲ್ಲು ಬಂದಾಗಿನಿಂದ ಮುದ್ದೆ ಉಂಡ ಮನುಷ್ಯನಿಗೆ ರೇಷನ್ ಅಕ್ಕಿಯ ಅನ್ನ ಬಡಿಸಿದೆ. ಮಾವ ಅನ್ನವನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ, ಎತ್ತರದಿಂದ ತಟ್ಟೆಗೆ ಬಿಟ್ಟರು. ಅದು ಒಡೆದು ಉದುರಿತು.

“ಈಗ ಅದ ಬಂತು ಕಣವ್ವ,” ಎಂದರು. “ಮಿಷನ್ ಕರ್ಸಿ ಉಳುಸು.”