ಲೆನ್ಸ್ ಲಕೋಟೆಯ ಹಿಂದಿನ ಅಭಿಪ್ರಾಯಗಳು

ಮಿಲಿಮೀಟರ್‌ನ ಮಗಳ ಎಡಗಣ್ಣು ಹೋಯಿತು ಎಂದು ಅಂಗಡಿಗೆ ಬಂದವರೆಲ್ಲ ಮರುಗುತ್ತಾರೆ. ಪಾಪ, ಕನ್ನಡಕದವನ ಮನೆಯಲ್ಲೇ ಹೀಗಾಗಬೇಕಿತ್ತೇ ಎನ್ನುತ್ತಾರೆ. ನಾನು ಕೌಂಟರಿನ ಹಿಂದೆ ನಿಂತು ಹೂಂ ಎನ್ನುತ್ತೇನೆ. ಅದು ಒಂದು ದಿನದಲ್ಲಿ ಹೋದದ್ದಲ್ಲ, ಎರಡು ವರ್ಷ ಅವನ ಪಕ್ಕದಲ್ಲಿ ಕೂತೇ ಹೋಯಿತು, ಹೋಗುವುದನ್ನು ಅವನೇ ಕೈಯಾರೆ ಬರೆದಿಟ್ಟಿದ್ದ ಎಂದರೆ ಯಾರು ನಂಬುತ್ತಾರೆ?

ನಾವಿಬ್ಬರೂ ಈ ಅಂಗಡಿ ಸೇರಿ ಹದಿನೆಂಟು ವರ್ಷವಾಯಿತು. ಹಿಂದಿನ ಕೋಣೆಯಲ್ಲಿ ಲೆನ್ಸಿನ ಅಂಚು ಸವೆಸಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಗಿರಾಕಿಯ ಎರಡು ಕಣ್ಣುಗಳ ನಡುವಿನ ಅಂತರ ಅಳೆದು ಚೀಟಿ ಬರೆಯುವುದು ನನ್ನ ಕೆಲಸ. ಆದರೆ ಅವನಿಗೆ ಯಾರ ಅಳತೆಯ ಮೇಲೂ ನಂಬಿಕೆಯಿಲ್ಲ. ಚೀಟಿ ಒಳಗೆ ಹೋದ ಎರಡೇ ನಿಮಿಷಕ್ಕೆ ಸ್ಕೇಲು ಹಿಡಿದು ಹೊರಗೆ ಬರುತ್ತಿದ್ದ, ಗಿರಾಕಿಯ ಮೂಗಿನ ಮೇಲೆ ಸ್ಕೇಲಿಟ್ಟು, ಅರವತ್ತೆರಡಲ್ಲ ಅಕ್ಕ, ಅರವತ್ತೊಂದೂವರೆ ಎನ್ನುತ್ತಿದ್ದ. ಗಿರಾಕಿಯ ಎದುರಿಗೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನಿಗೆ ಮಿಲಿಮೀಟರ್ ಎಂದು ಹೆಸರಿಟ್ಟವಳು ನಾನೇ. ಅಳತೆ ಮಾತ್ರ ಯಾವತ್ತೂ ಅವನದೇ ಸರಿಯಿರುತ್ತಿತ್ತು, ಅದು ಇನ್ನೊಂದು ಉರಿ.

ಭಾನುವಾರ ಮಧ್ಯಾಹ್ನ ಅಂಗಡಿಗೆ ರಜೆ. ಊಟವಾದ ಮೇಲೆ ಒಂದು ಗಂಟೆ ಅವನು ಮಗಳ ಜೊತೆ ಟಿವಿಯ ಮುಂದೆ ಕೂರುತ್ತಿದ್ದ. ಇಡೀ ವಾರದಲ್ಲಿ ಅವಳಿಗೆ ಸಿಗುತ್ತಿದ್ದ ಅಪ್ಪ ಅಷ್ಟೇ. ನೋಡುತ್ತಿದ್ದದ್ದು ಜಪಾನಿನ ಸೀರೀಸುಗಳು. ಅವನು ಕಾರ್ಟೂನು ಎಂದರೆ ಅವಳು ಕಾರ್ಟೂನಲ್ಲ, ಅನಿಮೆ ಎಂದು ತಿದ್ದುತ್ತಿದ್ದಳು. ವಾರವೆಲ್ಲ ದುಡಿದ ಕಣ್ಣಿಗೆ ರಜೆ ಎಂದು ಅವನು ತನ್ನ ಕನ್ನಡಕ ತೆಗೆದು ಪಕ್ಕಕ್ಕಿಡುತ್ತಿದ್ದ. ಚಿತ್ರ ಕಾಣುತ್ತಿತ್ತು, ಕೆಳಗೆ ಓಡುವ ಅನುವಾದದ ಅಕ್ಷರ ಕಾಣುತ್ತಿರಲಿಲ್ಲ. ಅದನ್ನು ಗಟ್ಟಿಯಾಗಿ ಓದಿ ಹೇಳುವುದು ಮಗಳ ಪಾಲಿನ ಕೆಲಸ. ಅವಳು ಟಿವಿಗೆ ಹತ್ತಿರ ಹತ್ತಿರ ಸರಿಯುತ್ತಾಳೆಂದು ಟೇಪು ಹಿಡಿದು ಅಳೆದು, ಎರಡು ಮೀಟರಿಗೆ ಸರಿಯಾಗಿ ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿದ್ದ. ಆ ಪಟ್ಟಿ ದಾಟಿದರೆ ಟಿವಿ ಬಂದ್.

ಸೋಮವಾರ ಬೆಳಿಗ್ಗೆ ಅವನ ಅಭಿಪ್ರಾಯ ಕೇಳುವ ಕರ್ಮ ನನ್ನದು. ಲೆನ್ಸ್ ಬರುವ ಖಾಲಿ ಕಾಗದದ ಲಕೋಟೆಗಳ ಹಿಂದೆ ಬರೆದುಕೊಂಡು ಬರುತ್ತಿದ್ದ, ತಾರೀಕು ಹಾಕಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು. ಎಲ್ಲವನ್ನೂ ಕಸುಬಿನ ಕಣ್ಣಿನಿಂದಲೇ ನೋಡುತ್ತಿದ್ದ. ಕತ್ತಿ ಹಿಡಿದು ಹಾರಾಡುವ ಹುಡುಗರ ಸೀರೀಸಿಗೆ ನಾಲ್ಕು ಅಂಕ: 'ಮುಖದ ಅರ್ಧ ಕಣ್ಣೇ ಇದೆ. ಮೂಗೇ ಇಲ್ಲ. ಆ ಗುರುವಿನ ಕನ್ನಡಕ ಯಾವ ಆಧಾರದ ಮೇಲೆ ಕೂತಿದೆ?' ಪತ್ತೇದಾರನ ಸೀರೀಸಿಗೆ ಐದು: 'ಖಳನಾಯಕ ಯೋಚನೆ ಮಾಡಿದಾಗಲೆಲ್ಲ ಕನ್ನಡಕ ಬೆಳ್ಳಗೆ ಹೊಳೆಯುತ್ತದೆ. ಇಷ್ಟು ದುಡ್ಡಿರುವವನು ಹೊಳಪು ತಡೆಯುವ ಕೋಟಿಂಗ್ ಮಾಡಿಸಬಾರದೇ?' ಇದಕ್ಕೆಲ್ಲ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಆ ನಗುವನ್ನು ಈಗ ವಾಪಸ್ಸು ನುಂಗಬೇಕೆನಿಸುತ್ತದೆ.

ಬರಬರುತ್ತ ಅವನ ಅಂಕಗಳು ಇಳಿದವು. ಈಗಿನವರಿಗೆ ಕಥೆ ಬರೆಯಲು ಬರುವುದಿಲ್ಲ ಎಂದು ಗೊಣಗತೊಡಗಿದ. ಅವರಾಡುವ ಅಷ್ಟು ಉದ್ದದ ಮಾತಿಗೆ ಕೆಳಗೆ ಬರುವುದು ಒಂದೇ ವಾಕ್ಯ, ಒಂದಕ್ಕೊಂದು ಸಂಬಂಧವೇ ಇಲ್ಲ ಎನ್ನುತ್ತಿದ್ದ. ಮಗಳಿಗೂ ಚಟ ಹತ್ತಿದೆ, ನಾಯಕಿಯರ ಹಾಗೆ ತಲೆ ಓರೆ ಮಾಡಿ ನೋಡುತ್ತಾಳೆ, ಎಲ್ಲದಕ್ಕೂ ಅತ್ತು ಕಣ್ಣುಜ್ಜುತ್ತಾಳೆ ಎಂದು ಹೇಳಿಕೊಂಡು ನಗುತ್ತಿದ್ದ. ಒಮ್ಮೆ ಇಲ್ಲಿಗೆ ಕರೆದುಕೊಂಡು ಬಾ, ಅಂಗಡಿಯ ಸಾಹುಕಾರರೇ ಕಣ್ಣು ಪರೀಕ್ಷೆ ಮಾಡಲಿ ಎಂದು ನಾನು ಹೇಳಿದ್ದುಂಟು. ಒಂದೇ ಸಲ. ಒಂಬತ್ತನೇ ವಯಸ್ಸಿನಲ್ಲಿ ಇದೇ ಕುರ್ಚಿಯಲ್ಲಿ ಕೂತು ಕೊನೆಯ ಸಾಲಿನವರೆಗೂ ಓದಿದ್ದಾಳೆ, ಅವಳ ಕಣ್ಣು ನನಗೆ ಗೊತ್ತಿಲ್ಲವೇ ಎಂದ. ಅವನ ಹೆಂಡತಿಗೂ ಅದೇ ಉತ್ತರ ಸಿಕ್ಕಿತ್ತಂತೆ. ಅಳತೆಯ ವಿಷಯದಲ್ಲಿ ಅವನ ಜೊತೆ ವಾದಕ್ಕಿಳಿದು ಗೆದ್ದವರಿಲ್ಲ, ನಾನೂ ಸುಮ್ಮನಾದೆ.

ಅವಳಿಗೆ ಹದಿಮೂರು ತುಂಬಿದ ವರ್ಷ, ಬೋರ್ಡಿನ ಮೇಲೆ ಬರೆದ ಪರೀಕ್ಷೆಯ ಪ್ರಶ್ನೆಗಳಿಗೆ ಉತ್ತರ ಬರೆಯದೆ ಖಾಲಿ ಹಾಳೆ ಕೊಟ್ಟಳು. ಟೀಚರು ತಾಯಿಯನ್ನು ಕರೆಸಿದರು. ತಾಯಿ ಗಂಡನಿಗೆ ಒಂದು ಮಾತೂ ಹೇಳದೆ ಮಗಳನ್ನು ನೇರ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದು, ಅಲ್ಲಿಂದ ಅಂಗಡಿಗೆ ಫೋನು ಮಾಡಿದಳು. ಅವನು ಮೆಷಿನ್ನು ಆರಿಸದೆಯೇ ಹೊರಟದ್ದನ್ನು ಕಂಡು ನಾನೂ ಜೊತೆಗೆ ಹೋದೆ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ ತೆಳುವಾಗಿ ಮುಂದಕ್ಕೆ ಚೂಪಾಗಿದೆ, ಎರಡೂ ಕಣ್ಣಿನಲ್ಲಿ, ಅದಕ್ಕೇ ದೂರದ ಅಕ್ಷರ ಓದಲಾಗುವುದಿಲ್ಲ. ಬಲಗಣ್ಣಿನದನ್ನು ಚಿಕಿತ್ಸೆ ಕೊಟ್ಟು ಇದ್ದಲ್ಲಿಗೇ ನಿಲ್ಲಿಸಬಹುದು. ಎಡಗಣ್ಣು ಆ ಹಂತ ದಾಟಿದೆ, ಪಟಲದ ಮೇಲೆ ಕಲೆ ಬಿದ್ದಿದೆ. ಮುಂದೆ ಯಾವತ್ತಾದರೂ ಬೇರೆಯವರ ಪಟಲ ಕಸಿ ಮಾಡಿ ನೋಡಬೇಕು, ಅದಕ್ಕೂ ಖಾತ್ರಿಯಿಲ್ಲ. ಅವನು ಯಾವ ನಂಬರಿನ ಲೆನ್ಸಾದರೂ ಪರವಾಗಿಲ್ಲ, ನಾನೇ ಕೂರಿಸಿಕೊಡುತ್ತೇನೆ ಎಂದ.

"ಆ ಕಣ್ಣಿಗೆ ಕನ್ನಡಕದಿಂದ ಪ್ರಯೋಜನ ಇಲ್ಲ," ಎಂದರು ಡಾಕ್ಟರಮ್ಮ. "ಎರಡು ವರ್ಷ ಮೊದಲೇ ಬಂದಿದ್ರೆ ಎರಡನ್ನೂ ಉಳಿಸಬಹುದಿತ್ತು. ಅಕ್ಷರಕ್ಕೆ ನೆರಳು ಕಾಣೋದು, ತಲೆ ಓರೆ ಮಾಡೋದು, ಕಣ್ಣುಜ್ಜೋದು, ಇದೆಲ್ಲ ಮನೇಲಿ ಯಾರೂ ಗಮನಿಸಲಿಲ್ವಾ?"

ಹೊರಗಿನ ಬೆಂಚಿನ ಮೇಲೆ ಕೂತ ಮೇಲೆ ಅವನು ಮಗಳನ್ನೇ ಕೇಳಿದ, ಓದಲು ಆಗುವುದಿಲ್ಲ ಎಂದು ಯಾಕೆ ಬಾಯಿ ಬಿಡಲಿಲ್ಲ ಎಂದು. ದನಿಯಲ್ಲಿ ಸಿಟ್ಟೂ ಇತ್ತು. ಅವಳು ಚಪ್ಪಲಿಯ ಪಟ್ಟಿ ನೋಡುತ್ತ ಕೂತಿದ್ದಳು.

"ಹೇಳಿದ್ರೆ ನೀನು ಎದ್ದು ಹೋಗ್ತಿದ್ದೆ ಅಪ್ಪ," ಎಂದಳು. "ಓದೋರಿಲ್ಲ ಅಂದ್ರೆ ನೀನು ಯಾಕೆ ಕೂರ್ತೀಯ?"

ಅವಳ ತಾಯಿ ಎದ್ದು ಬಾಗಿಲ ಕಡೆಗೆ ನಡೆದಳು. ಅಂದಿನಿಂದ ಇಂದಿನವರೆಗೆ ಗಂಡನ ಜೊತೆ ಬೇಕಾದಷ್ಟೇ ಮಾತು. ಅದನ್ನು ನಾನು ತಪ್ಪೆನ್ನುವುದಿಲ್ಲ.

ಬಲಗಣ್ಣಿನ ಚಿಕಿತ್ಸೆ ಮುಗಿದ ವಾರ ಮಿಲಿಮೀಟರ್ ಕೆಲಸಕ್ಕೆ ಬಂದ. ಬಂದವನೇ ಲಕೋಟೆಗಳ ಡಬ್ಬಿ ತಂದು ನನ್ನ ಮುಂದಿಟ್ಟು, ಹರಿದು ಬಿಸಾಡು ಅಕ್ಕ ಎಂದ. ನಾನು ಹರಿಯಲಿಲ್ಲ, ತಾರೀಕಿನ ಪ್ರಕಾರ ಜೋಡಿಸಿ ಓದಿದೆ. ಎರಡು ವರ್ಷದ ಹಿಂದಿನದು: 'ಅಕ್ಷರಗಳಿಗೆಲ್ಲ ನೆರಳಿದೆ ಎಂದು ಮಗಳು ಹೇಳುತ್ತಾಳೆ. ಬೇಜವಾಬ್ದಾರಿ ಜನ. ಮೂರು ಅಂಕ.' ಅದರ ನಂತರದ್ದು ಹುಡುಗಿಯರು ಚೆಂಡಾಡುವ ಸೀರೀಸು: 'ಚೆಂಡು ಎಲ್ಲಿದೆ ಎಂದು ಮಗಳಿಗೆ ತಿಳಿಯುವುದೇ ಇಲ್ಲವಂತೆ. ಕೆಟ್ಟ ಚಿತ್ರ. ಎರಡು.' ಆಮೇಲೆ, 'ಚಂದ್ರ ಮೂರು ಮೂರು ಕಾಣುತ್ತಾನಂತೆ. ಅತಿಯಾಯಿತು. ಎರಡು.' ಡಾಕ್ಟರಮ್ಮ ಕೇಳಿದ ಒಂದೊಂದು ಲಕ್ಷಣವೂ ಅಲ್ಲಿತ್ತು, ಅವನದೇ ದುಂಡಗಿನ ಅಕ್ಷರದಲ್ಲಿ, ತಾರೀಕು ಸಮೇತ. ಹುಡುಗಿ ಕಣ್ಣು ಹೋಗುತ್ತಿದೆ ಎಂದು ಹೇಳುತ್ತಲೇ ಇದ್ದಳು, ಇವನು ಜಪಾನಿನವರಿಗೆ ಅಂಕ ಕಳೆಯುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಒಯ್ದು ಅವನ ಮೇಜಿನ ಮೇಲೆ ಸುರಿದು, ನೀನೇ ಓದು ಎಂದೆ. ಅದು ಕ್ರೂರ ಎಂದು ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ. ನಾನು ಇದನ್ನೆಲ್ಲ ಸೋಮವಾರ ಸೋಮವಾರ ಕೇಳಿಸಿಕೊಂಡು ನಕ್ಕವಳು, ನನ್ನ ಪಾಲಿನ ಸಿಟ್ಟನ್ನೂ ಅವನ ಮೇಲೆಯೇ ತೀರಿಸಿಕೊಂಡೆನೋ ಏನೋ.

ಅವನು ಓದಿದ. ಮಾರನೆಯ ದಿನದಿಂದ ಊಟದ ಬಿಡುವಿನಲ್ಲಿ ಫೋನಿನಲ್ಲಿ ಅದೇ ಸೀರೀಸುಗಳನ್ನು ಮತ್ತೆ ನೋಡತೊಡಗಿದ, ಈ ಸಲ ಕನ್ನಡಕ ಹಾಕಿಕೊಂಡು. ಅಕ್ಷರಗಳು ಕಡೆದಿಟ್ಟ ಹಾಗೆ ಸ್ಪಷ್ಟವಾಗಿದ್ದವು, ಯಾವುದಕ್ಕೂ ನೆರಳಿರಲಿಲ್ಲ. ಕಥೆಗಳಲ್ಲಿ ಎಲ್ಲೂ ತೂತಿರಲಿಲ್ಲ. ಅವಳು ಓದಲಾಗದೆ ಬಿಟ್ಟ ಸಾಲುಗಳೆಲ್ಲ ಅಲ್ಲಿ ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಅವನು ಹಳೆಯ ಅಂಕ ಹೊಡೆದು ಹೊಸ ಅಂಕ ಬರೆಯುತ್ತ ಹೋದ. ಯಾರಿಗೆ ಬೇಕಾಗಿತ್ತು ಅದು? ನಾನು ಪಕ್ಕದಲ್ಲಿ ಕೂತು ಉಣ್ಣುತ್ತಿದ್ದೆ.

ಕೊನೆಗೆ ಉಳಿದದ್ದು ಒಂದು. ಆ ಡಬ್ಬಿಯಲ್ಲೆಲ್ಲ ಒಂಬತ್ತು ಅಂಕ ಪಡೆದದ್ದು ಅದೊಂದೇ, ಪರೀಕ್ಷೆಯ ಹಾಳೆ ಖಾಲಿ ಕೊಡುವ ಹಿಂದಿನ ತಿಂಗಳು ನೋಡಿದ್ದು. ಹೊಳೆ ದಾಟಿಸುವ ಮುದುಕ, ದಿನಾ ಅವನ ದೋಣಿಯಲ್ಲಿ ಶಾಲೆಗೆ ಹೋಗುವ ಹುಡುಗಿ. ಲಕೋಟೆಯ ಹಿಂದೆ ಆ ಹುಡುಗಿಯ ಒಂದು ಮಾತನ್ನು ಇಡಿಯಾಗಿ ಬರೆದುಕೊಂಡಿದ್ದ: 'ಎದ್ದು ಹೋಗಬೇಡ ಅಜ್ಜ, ನೀನು ಕೂತಿರೋ ಅಷ್ಟು ಹೊತ್ತು ನನಗೆ ದಾರಿ ಕಾಣುತ್ತೆ.' ಅದರ ಕೆಳಗೆ ಗೆರೆ ಎಳೆದು, 'ಕೊನೆಗೂ ಬರೆಯಲು ಬರುವವನೊಬ್ಬ ಸಿಕ್ಕಿದ' ಎಂದಿತ್ತು. ಆ ಸೋಮವಾರ ಅವನು ಅದನ್ನು ನನಗೂ ಎರಡು ಸಲ ಓದಿ ಹೇಳಿದ್ದ.

ಆ ದೃಶ್ಯ ಬರುವಾಗ ನನ್ನನ್ನೂ ಕರೆದ. ದೋಣಿ ದಡ ಮುಟ್ಟಿತು. ಹುಡುಗಿ ಮುದುಕನ ಕಡೆಗೆ ತಿರುಗಿ ಬಾಯಿ ತೆರೆದಳು. ಕೆಳಗೆ ಅಕ್ಷರ ಬಂತು: ಹಗ್ಗ ಬಿಗಿಯಾಗಿ ಕಟ್ಟು ಅಜ್ಜ, ಗಾಳಿ ಜೋರಾಗಿದೆ.

ಅವನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದ. ಮತ್ತೆ ಹಗ್ಗ, ಮತ್ತೆ ಗಾಳಿ. ಸೀರೀಸು ಮುಗಿಯುವ ತನಕ ಹುಡುಕಿದೆವು, ಆ ಮಾತು ಎಲ್ಲೂ ಇರಲಿಲ್ಲ. ಅಷ್ಟು ಹೊತ್ತಿಗೆ ಅವಳಿಗೆ ಒಂದಕ್ಷರವೂ ಕಾಣುತ್ತಿರಲಿಲ್ಲ, ಹಳದಿ ಪಟ್ಟಿಯ ಈಚೆ ಕೂತು ತನ್ನ ಮನಸ್ಸಿಗೆ ಬಂದದ್ದನ್ನೇ ಓದಿದ ಹಾಗೆ ಹೇಳುತ್ತಿದ್ದಳು. ಮಿಲಿಮೀಟರ್ ಫೋನು ಮುಚ್ಚಿ ಆ ಲಕೋಟೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ, ಅದರ ಅಂಕ ತಿದ್ದಲಿಲ್ಲ. ಹೊರಗೆ ಗಿರಾಕಿ ಬಂದಿದ್ದರು. ನಾನು ಹೋಗಿ ಅಳತೆ ತೆಗೆದು ಚೀಟಿ ಕಳಿಸಿದೆ, ಅವನು ಮತ್ತೆ ಅಳೆಯಲು ಹೊರಗೆ ಬರಲಿಲ್ಲ.