ಡಾಂಗಲ್ ಹಿಡಿದು ಮಾಳಿಗೆ ಹತ್ತಿದ ಅಪ್ಪ

ಗೆಳೆಯರೇ, ಹೂಲಿಯ ನಮ್ಮ ಮನೆಗೆ ಇವತ್ತು ಇಂಟರ್ನೆಟ್ ಬಂತು. ಬಂದದ್ದು ಮಾಳಿಗೆ ಮೇಲಿಂದ.

ಸವದತ್ತಿಯಿಂದ ಡಾಂಗಲ್ ತಂದು, ಸಿಮ್ ಹಾಕಿ ಕಂಪ್ಯೂಟರಿಗೆ ಚುಚ್ಚಿದೆ. ಒಳಗೆ ಸಿಗ್ನಲ್ಲೇ ಇಲ್ಲ. ಸೊಲ್ಲಾಪುರದಲ್ಲಿ ಹೆತ್ತಿರುವ ತಂಗಿ ಕೂಸಿನ ಫೋಟೊ ಮೇಲ್ ಮಾಡಿದ್ದಾಳೆ. ಅವ್ವ ಬೆಳಗಿನಿಂದ ಕಂಪ್ಯೂಟರ್ ಬಿಟ್ಟು ಎದ್ದಿಲ್ಲ. ಕೊನೆಗೆ ಅಪ್ಪ ಕಂಪ್ಯೂಟರಿನಿಂದ ಎಳೆದ ಉದ್ದನೆಯ ವಾಯರಿಗೆ ಡಾಂಗಲ್ ಸಿಕ್ಕಿಸಿಕೊಂಡು ಮಾಳಿಗೆ ಹತ್ತಿದರು. ಹಳೆಯ ಟಿವಿ ಆಂಟೆನಾ ಕಂಬದ ಪಕ್ಕ ನಿಂತು, ರೂಢಿಯಂತೆ ಟಿವಿ ಟವರ್ ಇರುವ ಧಾರವಾಡದ ಕಡೆಗೇ ಹಿಡಿದರು.

"ಬಂತೇನು?"

"ಇಲ್ರಿ, ಇನ್ನೊಂಚೂರು ತಿರುವ್ರಿ!" ಅವ್ವ ಒಳಗಿಂದ ಕೂಗಿದಳು.

ನನ್ನ ಬಾಲ್ಯದ ಭಾನುವಾರಗಳೆಲ್ಲ ಇದೇ ಕೂಗಿನಲ್ಲಿ ಕಳೆದಿವೆ. ನಾವು ಒಳಗೆ ಸಿನಿಮಾ ನೋಡುತ್ತಿದ್ದರೆ, ಗಾಳಿಗೆ ತಿರುಗುವ ಆ ಕಂಬವನ್ನು ಅಪ್ಪ ಮೇಲೆ ಹಿಡಿದು ನಿಂತಿರುತ್ತಿದ್ದರು. ಕೈಬಿಟ್ಟರೆ ಪರದೆ ತುಂಬ ಚುಕ್ಕೆ. ನಾಯಕ ಸತ್ತನೋ ಬದುಕಿದನೋ ಎಂದು ಊಟಕ್ಕೆ ಕುಳಿತಾಗ ನಮ್ಮನ್ನೇ ಕೇಳುತ್ತಿದ್ದರು.

"ಬಂತು! ಅಲ್ಲೇ ಹಿಡೀರಿ!"

ಫೋಟೊ ನಿಧಾನಕ್ಕೆ ತೆರೆದುಕೊಂಡಿತು. ಮೊದಲು ಕುಂಚಿಗೆ, ಆಮೇಲೆ ಹಣೆ, ಮೂಗು.

"ಯಾರ ಹಂಗ ಐತಿ?" ಅಪ್ಪ ಮೇಲಿಂದಲೇ ಕೇಳಿದರು.

"ಬಂದು ನೋಡ್ರಿ ಅಪ್ಪಾ. ಪೂರಾ ಬಂದೈತಿ, ಇನ್ನ ಹೋಗೂದಿಲ್ಲ" ಎಂದೆ.

ಅವರು ನಂಬಲಿಲ್ಲ. "ಮೊದಲ ನೀವೆಲ್ಲಾ ನೋಡ್ಕೋರಿ."

ಕಡೆಗೆ ನಾನೇ ಹತ್ತಿ, ಡಾಂಗಲ್ಲನ್ನು ಕಂಬಕ್ಕೆ ಕಟ್ಟಿ, ಅವರ ಕೈಹಿಡಿದು ಇಳಿಸಿಕೊಂಡು ಬಂದೆ. ಮೊಮ್ಮಗಳನ್ನು ಕಣ್ತುಂಬ ನೋಡಿದರು. ಮರುಕ್ಷಣವೇ ಗಾಬರಿಯಿಂದ ಮಾಳಿಗೆಯತ್ತ ಕತ್ತೆತ್ತಿದರು.

"ಈಗ ಮ್ಯಾಲ ಯಾರ್ ಹಿಡಕೊಂಡಾರ?"