ಬೇಚರಾಕ್ ಊರಿನ ಬಾಗಿಲು

ಹೈದರಾಬಾದಿನ ಕಾಲೇಜಿನಲ್ಲಿ ನಮ್ಮ ಇತಿಹಾಸದ ಪ್ರಾಧ್ಯಾಪಕರು ರಜೆಗೆ ಮುಂಚೆ ಎಲ್ಲರಿಗೂ ಒಂದು ಕೆಲಸ ಕೊಟ್ಟರು. ನಿಮ್ಮ ನಿಮ್ಮ ತಾಲೂಕಿನ ನೆಲ, ಇತಿಹಾಸ, ಜನ ಇವುಗಳ ಬಗ್ಗೆ ಬರೆದು ತನ್ನಿ ಎಂದರು. ನಾನು ಆಳಂದದವಳು. ನೆಲದ ಬಗ್ಗೆ ಬರೆಯುವುದು ಕಷ್ಟವಾಗಲಿಲ್ಲ. ಜೇವರ್ಗಿಯ ಕಡೆ ಹೋದರೆ ಕರಿಮಣ್ಣು ಕಣ್ಣು ಹಾಯುವಷ್ಟು ದೂರ ಸಪಾಟಾಗಿದೆ. ನಮ್ಮ ಕಡೆ ಅದೇ ನೆಲ ಎದ್ದು ಗುಡ್ಡವಾಗುತ್ತದೆ. ದೊಡ್ಡ ಗುಡ್ಡಗಳೇನಲ್ಲ. ಮರವಿಲ್ಲದ, ನೆತ್ತಿ ಚಪ್ಪಟೆಯಾದ, ಕೆಂಪು ಗರಸಿನ, ಸಣ್ಣ ಜಲ್ಲಿಯಂಥ ಮಣ್ಣಿನ ಗುಡ್ಡಗಳು. ಮಳೆ ಬಿದ್ದರೆ ನೀರು ಮೇಲೆ ನಿಲ್ಲುವುದಿಲ್ಲ. ಅಮರ್ಜಾ ಹೊಳೆಗೆ ಇಳಿದು, ಅಫಜಲಪುರದ ಸೀಮೆಯಲ್ಲಿ ಭೀಮೆಯನ್ನು ಸೇರಿಬಿಡುತ್ತದೆ. ಮೇಲೆ ಉಳಿಯುವುದು ಕಲ್ಲು, ಮುಳ್ಳಿನ ಕಂಟಿ ಮತ್ತು ಗಾಳಿ.

ನಿಂಬರ್ಗಾದಿಂದ ಸ್ವಲ್ಪ ದೂರದಲ್ಲಿ ನಮ್ಮ ಊರು. ಅದರ ಹಿಂದಿನ ಗುಡ್ಡದ ಮೇಲೆ ಹಳೆಯ ಊರಿದೆ. ಸರಕಾರಿ ದಫ್ತರದಲ್ಲಿ ಅದನ್ನು ಬೇಚರಾಕ್ ಎಂದು ಬರೆಯುತ್ತಾರೆ, ದೀಪ ಹಚ್ಚುವವರಿಲ್ಲದ ಊರು ಎಂದು. ಪ್ಲೇಗಿನ ವರ್ಷ ಜನ ಅದನ್ನು ಬಿಟ್ಟು ಇಳಿದು ಬಂದರು. ಬೇನೆ ಹೋದ ಮೇಲೆ ಒಬ್ಬೊಬ್ಬರಾಗಿ ಮತ್ತೆ ಹತ್ತಿ ಹೋಗಿ ತಮ್ಮ ಮನೆಯ ತೊಲೆ, ಚೌಕಟ್ಟು, ಬಾಗಿಲುಗಳನ್ನು ಕಿತ್ತು ತಂದು ಕೆಳಗಿನ ಮನೆಗಳಿಗೆ ಹಚ್ಚಿಕೊಂಡರು. ನಮ್ಮ ಕಡೆ ಕಟ್ಟಿಗೆಗೆ ಅಷ್ಟು ಬರ. ಹೀಗಾಗಿ ಗುಡ್ಡದ ಮೇಲೆ ಈಗ ಬರೀ ಗೋಡೆಗಳಿವೆ. ಒಂದು ಮನೆಗೆ ಮಾತ್ರ ಬಾಗಿಲು ಇನ್ನೂ ಇದೆ, ಮುಚ್ಚಿಕೊಂಡೇ ಇದೆ. ಆ ಮನೆ ನಮ್ಮದು.

ನಾನು ಆ ರಜೆಗೆ ಊರಿಗೆ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಅಪ್ಪ ಹೊಸ ಮನೆ ಕಟ್ಟಿಸುತ್ತಿದ್ದ. ಸಾಗವಾನಿ ಸಿಗುತ್ತಿರಲಿಲ್ಲ, ಕಬ್ಬಿಣವಂತೂ ಕೇಳುವ ಹಾಗೇ ಇರಲಿಲ್ಲ. ಒಂದು ದಿನ ಊಟ ಮಾಡುತ್ತ, ಮೇಲಿನ ಬಾಗಿಲು ತರಿಸೋಣ, ಗಟ್ಟಿ ಸಾಗವಾನಿ ಅದು ಎಂದ. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ಅತ್ತೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದಳು. ಮರುಗಳಿಗೆಗೆ ಮತ್ತೆ ಬಡಿಯತೊಡಗಿದಳು.

ಮರುದಿನ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಅವಳು ನನಗೆ ಹೇಳಿದ್ದು ಇಷ್ಟು. ಅವಳಿಗೂ ಅಪ್ಪನಿಗೂ ಒಬ್ಬಳು ದೊಡ್ಡಕ್ಕ ಇದ್ದಳು. ಬಾಣಂತನಕ್ಕೆ ತವರಿಗೆ ಬಂದವಳು, ಕೂಸು ಉಳಿದಿರಲಿಲ್ಲ. ಕಂಕುಳಲ್ಲಿ ಪ್ಲೇಗಿನ ಗಂಟು ಎದ್ದಿತು. ಆ ಹೊತ್ತಿಗೆ ಊರು ಖಾಲಿಯಾಗಿತ್ತು, ಹೊರಲು ನಾಲ್ಕು ಜನ ಇರಲಿಲ್ಲ. ಬೆಳಗಿನ ಜಾವಕ್ಕೆ ಅಕ್ಕ ಹೋದಳು ಎಂದು ತಾಯಿ ಹೇಳಿದಳು. ನಾಯಿ ನುಗ್ಗದಿರಲಿ ಎಂದು ಹೊರಗಿನಿಂದ ಬಾಗಿಲಿಗೆ ಕೊಂಡಿ ಹಾಕಿದಳು. ಅತ್ತೆ ಆಗ ಸಣ್ಣ ಹುಡುಗಿ, ಹಾಲುಗೂಸಾಗಿದ್ದ ಅಪ್ಪನನ್ನು ಎತ್ತಿಕೊಂಡು ನಿಂತಿದ್ದಳು. ಓಣಿಯ ತಿರುವಿಗೆ ಬಂದಾಗ ಹಿಂದಿನಿಂದ ಕಟ್ಟಿಗೆ ಎಳೆದಂಥ ಸಪ್ಪಳ ಕೇಳಿತು. ಏನದು ಎಂದು ಕೇಳಿದರೆ, ಇಲಿ, ನಡಿ ಎಂದು ತಾಯಿ ಬೆನ್ನಿಗೆ ಕೈ ಹಚ್ಚಿ ನೂಕಿದಳು.

ಅತ್ತೆ ಮೊರದಲ್ಲಿ ಒಂದು ಹರಳು ಆರಿಸಿ ಎಸೆದು ಹೇಳಿದಳು:

"ಆ ಊರಾಗ ಇಲಿ ಎಲ್ಲಕ್ಕಿಂತ ಮೊದಲ ಸತ್ತಿದ್ದವು, ಯವ್ವಾ."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅವಳೇ ಅಂದಳು: "ಬಾಗಲಾ ತರೂದು ಬ್ಯಾಡಂತ ನಾ ಅನ್ನಾಕತ್ತಿಲ್ಲ. ತಂದ ಮ್ಯಾಲ ಅದರ ಒಳಗಿನ ಮೈ ಕಾಣ್ತದಲ್ಲ, ಅದಕ್ಕ ಅಂಜೇನಿ."

ಅವಳಿಗೆ ಬೇಕಾಗಿದ್ದುದು ಒಂದೇ. ಕೊಂಡಿ ಹಾಕುವಾಗ ಅಕ್ಕ ಸತ್ತಿದ್ದಳೋ ಇಲ್ಲವೋ. ಹೇಳಬಲ್ಲವಳಾಗಿದ್ದ ತಾಯಿ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅಪ್ಪನಿಗೆ ಏನೂ ನೆನಪಿರಲಿಲ್ಲ. ಅವನ ಪಾಲಿಗೆ ಅದು ಒಂದು ಬಾಗಿಲು.

ನಾವು ಗುಡ್ಡ ಹತ್ತಿದ್ದು ಒಂದು ಬೆಳಿಗ್ಗೆ. ಅಪ್ಪ, ಬಡಿಗ, ಅತ್ತೆ, ನಾನು. ಬಂಡಿ ಬುಡದಲ್ಲೇ ನಿಂತಿತು. ಬಡಿಗ ವಯಸ್ಸಾದವನು, ಬಾಯಿ ಸುಮ್ಮನಿರುತ್ತಿರಲಿಲ್ಲ. ಗರಸಿನಲ್ಲಿ ನನ್ನ ಚಪ್ಪಲಿ ಜಾರುವುದನ್ನು ನೋಡಿ, "ಹೈದ್ರಾಬಾದದಾಗ ಗುಡ್ಡಾ ಹತ್ತೂದೊಂದು ಕಲಿಸಂಗಿಲ್ಲೇನ್ರಿ ಬಾಯಾರ?" ಎಂದ. ಅತ್ತೆ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದಳು. ಅಂದಿನಿಂದ ಒಮ್ಮೆಯೂ ಮೇಲೆ ಬಂದಿರದವಳು ಓಣಿಗಳನ್ನು ಕೇಳದೆ ತಿರುಗಿದಳು. ಎರಡೂ ಬದಿಗೆ ಬಾಗಿಲಿಲ್ಲದ ಗೋಡೆಗಳು. ಎಲ್ಲ ಮನೆಗಳ ಒಳಗೂ ಬಿಸಿಲು ಬಿದ್ದಿತ್ತು.

ನಮ್ಮ ಬಾಗಿಲು ಮಳೆ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಕೊಂಡಿ ಇನ್ನೂ ಮೇಲೇ ಇತ್ತು. ಬಡಿಗ ಎಣ್ಣೆ ಬಿಟ್ಟು, ಮೆಲ್ಲಗೆ ತಟ್ಟಿ, ತೆಗೆದ. ಬಾಗಿಲು ನೂಕಿದ. ಅಲುಗಲಿಲ್ಲ. ಮಾಳಿಗೆ ಕುಸಿದು ಮಣ್ಣು ತುಂಬಿರಬೇಕು ಎಂದು ಅಪ್ಪ ಹೇಳಿದ. ಬಡಿಗ ಪಕ್ಕದ ಗೋಡೆಯ ಕಲ್ಲು ಹಿಡಿದು ಮೇಲೆ ಹತ್ತಿ ಒಳಗೆ ಬಗ್ಗಿ ನೋಡಿದ. ನೋಡುತ್ತಲೇ ಇದ್ದ.

"ಮಣ್ಣು ಮೊಳಕಾಲ ತನಕ ಅದ ಗೌಡ್ರ. ಬಾಗಲಾ ಹಿಡದದ್ದು ಮಣ್ಣಲ್ರಿ. ಅಗಳಿ ಹಾಕೇದ."

ಅಗಳಿ ಎಂದರೆ ಬಾಗಿಲಿಗೆ ಅಡ್ಡವಾಗಿ ಗೋಡೆಯ ತೂತಿಗೆ ಸರಿಸುವ ದಪ್ಪ ಕಟ್ಟಿಗೆ. ಅತ್ತೆ ತಲೆ ಎತ್ತಿ, ಯಾವ ಕಡೆಯಿಂದ ಎಂದು ಕೇಳಿದಳು.

"ಒಳಗಿಂದ್ರಿ ಅಕ್ಕಾರ. ಅಗಳಿ ಹೊರಗಿಂದ ಹಾಕಾಕ ಬರಂಗಿಲ್ಲಲ್ರಿ."

ಅಪ್ಪ ಅತ್ತೆಯನ್ನು ಸಮಾಧಾನ ಮಾಡಲು ಹೊರಟು, ನಾಯಿ ಬರಬಾರದಂತ ಹಾಕ್ಕೊಂಡಿರ್ತಾಳ ಎಂದುಬಿಟ್ಟ. ಅಂದ ಮೇಲೆ ತಾನು ಏನು ಹೇಳಿದೆ ಎಂಬುದು ಅವನಿಗೆ ತಿಳಿಯಿತು. ಮುಖ ತಿರುಗಿಸಿ ಕೆಳಗಿನ ಹೊಲಗಳನ್ನು ನೋಡುತ್ತ ನಿಂತ.

ನಾಯಿಗಾಗಿಯೇ ಹಾಕಿದ್ದಿರಬಹುದು. ಹೊರಗೆ ಕೊಂಡಿ ಬಿದ್ದದ್ದು ಕೇಳಿಸಿ, ನಮ್ಮವರು ತಿರುಗಿ ಬಂದು ಬೇನೆ ಹಚ್ಚಿಕೊಳ್ಳಬಾರದೆಂದು ಹಾಕಿದ್ದಿರಬಹುದು. ಇನ್ನೊಂದು ಕಾರಣವೂ ನನಗೆ ಹೊಳೆಯಿತು. ಅದನ್ನು ಬರೆಯುವುದಿಲ್ಲ.

ಬಡಿಗ, ಬೇಕಾದರೆ ಒಳಗಿಳಿದು ಅಗಳಿ ಸರಿಸುತ್ತೇನೆ ಎಂದ. ಅತ್ತೆ ಬಾಗಿಲಿನ ಮೇಲೆ ಅಂಗೈ ಇಟ್ಟಿದ್ದಳು.

"ಬ್ಯಾಡ್ರಿ. ಆಕಿ ಹಾಕ್ಯಾಳ, ಹಂಗ ಇರ್ಲಿ."

ಅವನು ಇಳಿದು ಬಂದು, ಕೈಯ ರೂಢಿಯಿಂದ ಕೊಂಡಿಯನ್ನು ಮತ್ತೆ ಮೇಲೆತ್ತಿದ. ಅತ್ತೆ ಅವನ ಕೈ ತಡೆದಳು. ನಮ್ಮಲ್ಲಿ ಹೆಂಗಸರು ಹಾಗೆ ಪರಗಂಡಸಿನ ಕೈ ಮುಟ್ಟುವುದಿಲ್ಲ.

"ಹೊರಗಿನ ಕೊಂಡಿ ಹಾಕಬ್ಯಾಡ್ರಿ."

ಬಂಡಿ ಖಾಲಿಯಾಗಿ ಹಿಂದಿರುಗಿತು. ಅಪ್ಪ ಹೊಲದ ಬದುವಿನ ಬೇವು ಕಡಿಸಿ ಬಾಗಿಲು ಮಾಡಿಸಿದ. ಚಿಲಕಕ್ಕೆ ಕಬ್ಬಿಣ ಸಿಗದೆ ಅದಕ್ಕೂ ಬೇವಿನ ಅಗಳಿಯನ್ನೇ ಹಾಕಿದರು. ಗುಡ್ಡದ ಮೇಲೆ ಪ್ಲೇಗಿಗೆ ಬಲಿಯಾದ ಒಂದು ನಿರ್ಜನ ಗ್ರಾಮವಿದೆ ಎಂದು ನಾನು ಪ್ರಬಂಧದಲ್ಲಿ ಒಂದು ಸಾಲು ಬರೆದೆ. ಪ್ರಾಧ್ಯಾಪಕರು ಅದರ ಬಗ್ಗೆ ಏನೂ ಕೇಳಲಿಲ್ಲ.

ಹೊಸ ಮನೆಗೆ ಬಂದ ಮೊದಲ ಸಂಜೆ ಅತ್ತೆ ದೀಪದ ಬತ್ತಿ ಹೊಸೆಯುತ್ತ ಕೂತಿದ್ದಳು. ಅಪ್ಪ ಬಾಗಿಲು ಮುಚ್ಚಿ ಅಗಳಿ ಸರಿಸಿದ. ಹಸಿ ಕಟ್ಟಿಗೆ ಗೋಡೆಯ ಕಲ್ಲಿಗೆ ಉಜ್ಜುತ್ತ ನಿಧಾನವಾಗಿ ಒಳಹೋಯಿತು. ಅತ್ತೆಯ ಬೆರಳು ನಿಂತವು.

"ಹೂಂ," ಎಂದಳು, ಯಾರಿಗೂ ಅಲ್ಲದಂತೆ. "ಅವತ್ತ ಓಣ್ಯಾಗ ಕೇಳಿದ್ದು ಇದ ಸಪ್ಪಳ."